ಗಾಜಿನ ನೀರು, ಪೆನ್ನಿನ ಬಿರಡೆ

ಮೊಣಕಾಲು ನನ್ನ ಮಾತು ಕೇಳುವುದನ್ನು ನಿಲ್ಲಿಸಿದ ಮೇಲೆ ನಾನು ಗ್ಯಾರೇಜು ಬಿಟ್ಟೆ. ಕಾರಿನ ಕೆಳಗೆ ಮಲಗುವುದು ಕಷ್ಟವಿರಲಿಲ್ಲ, ಎದ್ದು ಬರುವುದೇ ಕಷ್ಟವಾಗಿತ್ತು. ಚನ್ನಗಿರಿಯಲ್ಲಿ ಕೆಲಸ ಕಲಿತು, ಹೊನ್ನಾಳಿಯಲ್ಲಿ ಸ್ವಂತ ಗ್ಯಾರೇಜು ನಡೆಸಿ, ಈಗ ನ್ಯಾಮತಿಯ ನಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದೇನೆ. ಗ್ಯಾರೇಜನ್ನು ಮುಂದುವರಿಸುತ್ತಿರುವ ನನ್ನ ಜೊತೆಗಾರರು, "ಹಾಲೇಶಪ್ಪಾರೆ, ಹೊಸದಾಗಿ ಈ ಕೆಲಸಕ್ಕೆ ಬರೋರಿಗೆ ನಾಕು ಮಾತು ಬರ್ದುಕೊಡ್ರಿ" ಎಂದು ಗಂಟುಬಿದ್ದರು.

ಎಂಜಿನ್ ಇಳಿಸಿದ ಕಥೆ, ಗೇರ್‌ಬಾಕ್ಸ್ ಕಟ್ಟಿದ ಕಥೆ ಬರೆಯುತ್ತೇನೆ ಎಂದು ಅವರು ಅಂದುಕೊಂಡಿರಬೇಕು. ಅದನ್ನೆಲ್ಲ ನೀವು ಮೊಬೈಲಿನಲ್ಲಿ ನೋಡಿಯೇ ಕಲಿಯುತ್ತೀರಿ. ನಾನು ಬರೆಯುವುದು ಕಾರಿನ ಮುಂದಿನ ಗಾಜು ತೊಳೆಯುವ ನೀರಿನ ಬಗ್ಗೆ. ನಗುವವರು ಈಗಲೇ ನಕ್ಕು ಮುಗಿಸಿಕೊಳ್ಳಿ. ಆ ನೀರಿನ ವಿಷಯದಲ್ಲಿ ನಾನು ಮಾಡಿದ ಒಂದು ಸಣ್ಣ ಕಳ್ಳಕೆಲಸದಿಂದ ಒಬ್ಬ ಹೆಣ್ಣುಮಗಳು ಕಾರು ಓಡಿಸುವುದನ್ನೇ ಬಿಡುವ ಹಾಗಾಗಿತ್ತು. ತಪ್ಪು ನನ್ನದು, ಬೈಸಿಕೊಂಡವರು ಅವರು. ಅದನ್ನು ಹೇಳಿಬಿಟ್ಟರೆ ನನ್ನ ಮನಸ್ಸೂ ಹಗುರ, ನಿಮಗೂ ಒಂದು ಪಾಠ.

ಗೊತ್ತಿಲ್ಲದವರಿಗೆ ಮೊದಲು ಇಷ್ಟು ಹೇಳುತ್ತೇನೆ. ಬಾನೆಟ್ಟಿನ ಕೆಳಗೆ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಟ್ಯಾಂಕು ಇರುತ್ತದೆ. ಅದರ ಬುಡದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಪಂಪು. ಪಂಪಿನಿಂದ ಒಂದು ತೆಳು ಪೈಪು ಹೊರಟು ಗಾಜಿನ ಮುಂದಿರುವ ಎರಡು ಸಣ್ಣ ಜೆಟ್ಟುಗಳಿಗೆ ಹೋಗುತ್ತದೆ. ಸ್ಟೇರಿಂಗಿನ ಪಕ್ಕದ ಕಡ್ಡಿ ಎಳೆದರೆ ನೀರು ಚಿಮ್ಮುತ್ತದೆ, ವೈಪರ್ ಒರೆಸುತ್ತದೆ. ಇಷ್ಟೇ ಸಂಸಾರ. ಇಷ್ಟು ಚಿಕ್ಕ ಸಂಸಾರವಾದ್ದರಿಂದಲೇ ಯಾವ ಮೆಕ್ಯಾನಿಕ್ಕನೂ ಇದಕ್ಕೆ ಮರ್ಯಾದೆ ಕೊಡುವುದಿಲ್ಲ.

ಮರ್ಯಾದೆ ಕೊಟ್ಟ ಒಬ್ಬರೇ ಒಬ್ಬರನ್ನು ನಾನು ಕಂಡಿದ್ದೆ. ಅವರು ಚನ್ನಗಿರಿಯಲ್ಲಿ ನನಗೆ ಕೆಲಸ ಕಲಿಸಿದ ಖಾದರ್ ಉಸ್ತಾದರು. ತೆಳ್ಳಗಿನ ಆಸಾಮಿ, ಮಾತು ಕಮ್ಮಿ, ಕೋಪ ಬಂದರೆ ಸ್ಪ್ಯಾನರ್ ಕೆಳಗಿಟ್ಟು ನಮ್ಮನ್ನು ಸುಮ್ಮನೆ ನೋಡುತ್ತಿದ್ದರು. ಬೈದಿದ್ದರೇ ವಾಸಿಯಿತ್ತು. ಯಾವ ಕೆಲಸಕ್ಕೆ ಬಂದ ಕಾರಾಗಲಿ, ಬ್ರೇಕಿನದೋ ಕ್ಲಚ್ಚಿನದೋ, ಕೀಲಿಕೈ ಮಾಲೀಕರಿಗೆ ಕೊಡುವ ಮೊದಲು ಅವರು ಕೈ ತೊಳೆದುಕೊಂಡು ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದರು. ಗಾಜಿನೊಳಗಿಂದ ರಸ್ತೆ ನೋಡುತ್ತಿದ್ದರು. ನೀರು ಹೊಡೆದು, ವೈಪರ್ ಎರಡು ಸಲ ಆಡಿಸಿ, ಇಳಿದು ಬಂದು ಆಮೇಲೆ ಕೀಲಿಕೈ. ಅವರು ಅತ್ತ ಹೋದಾಗ ಕೆಲಸ ಕಲಿಯುವ ಹುಡುಗರೆಲ್ಲ ಅದನ್ನೇ ಆಡಿ ತೋರಿಸಿ ನಗುತ್ತಿದ್ದೆವು.

ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಉಸ್ತಾದ್, ಎಂಜಿನ್ ಕೆಲ್ಸ ಮಾಡಿ ನೀರು ಯಾಕೆ ನೋಡ್ತೀರಿ?"

"ಬೇಟಾ, ಎಂಜಿನ್ ಕೆಟ್ರೆ ಗಾಡಿ ನಿಲ್ತೈತೆ, ಅಷ್ಟೇ. ಗಾಜು ಕಾಣ್ದಂಗಾದ್ರೆ ಗಾಡಿ ನಿಲ್ಲಲ್ಲ, ಓಡ್ತಾನೇ ಇರ್ತೈತೆ. ಯಾವ್ದು ದೊಡ್ಡ ರಿಪೇರಿ ನೀನೇ ಹೇಳು" ಎಂದರು. ನಾನು ಹೂಂ ಎಂದೆ. ಕಿವಿಗೆ ಹೋಯಿತು, ತಲೆಗೆ ಹೋಗಲು ಬಹಳ ವರ್ಷ ಹಿಡಿಯಿತು.

ಆ ಕಾಲದ ನನ್ನ ಮೊದಲ ದೊಡ್ಡ ಪೆದ್ದುತನವೂ ಈ ನೀರಿನದೇ. ಅಡಿಕೆ ತೋಟಗಳ ಫಸಲನ್ನು ಖೇಣಿ, ಅಂದರೆ ಗುತ್ತಿಗೆ, ಹಿಡಿಯುತ್ತಿದ್ದ ಒಬ್ಬರು ಕಾರು ತಂದರು. ಕಾರಿನ ಮುಂಭಾಗದ ಕೆಳಗೆ ಕಂದು ಬಣ್ಣದ ಹನಿ ಬೀಳುತ್ತಿತ್ತು. ಉಸ್ತಾದರು ನಮಾಜಿಗೆ ಹೋಗಿದ್ದರು. ಅವರು ಬರುವುದರೊಳಗೆ ನಾನೇ ಹುಷಾರು ಅನ್ನಿಸಿಕೊಳ್ಳಬೇಕೆಂದು, ಬಗ್ಗಿ ನೋಡಿ, "ಗೇರ್ ಎಣ್ಣೆ ಸೋರ್ತೈತ್ರಿ, ಸೀಲು ಹೋಗೈತೆ" ಎಂದು ತೀರ್ಪು ಕೊಟ್ಟೆ. ಗೇರ್‌ಬಾಕ್ಸ್ ಕೆಳಗಿಳಿಸಲು ಶುರುಮಾಡಿಯೂಬಿಟ್ಟೆ. ಉಸ್ತಾದರು ಬರುವ ಹೊತ್ತಿಗೆ ಗೇರ್‌ಬಾಕ್ಸ್ ಗೋಣಿಚೀಲದ ಮೇಲೆ ಕೂತಿತ್ತು, ಸೀಲು ಹೊಸದರ ಹಾಗೆ ಹೊಳೆಯುತ್ತಿತ್ತು, ಹನಿ ಮಾತ್ರ ಇನ್ನೂ ಬೀಳುತ್ತಲೇ ಇತ್ತು.

ಅವರು ಒಂದು ಹನಿ ಬೆರಳಿಗೆ ತಗೊಂಡು ಹೆಬ್ಬೆರಳಿಗೆ ಉಜ್ಜಿದರು. ಬೆರಳು ಅಂಟಿಕೊಂಡಿತು. ಮೂಸಿ ನೋಡಿ ಮಾಲೀಕರನ್ನು ಕೇಳಿದರು. "ಗಾಜಿನ ನೀರು ಯಾರು ತುಂಬಿದ್ದು?"

"ನಮ್ಮ ಅಡಿಕೆ ಬೇಯ್ಸೋ ಆಳು ತುಂಬಿದ ಸಾಬ್ರೆ. ಶೆಡ್ಡಿನಾಗೆ ಕ್ಯಾನಿತ್ತು."

ಎಲ್ಲ ಅರ್ಥವಾಯಿತು. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಗಟ್ಟಿ ಕಂದು ರಸವನ್ನು ನಮ್ಮ ಕಡೆ ಚೊಗರು ಅನ್ನುತ್ತಾರೆ. ಅಡಿಕೆಗೆ ಬಣ್ಣ ಕೊಡಲು ಬೇಕಾಗುತ್ತದೆಂದು ಕ್ಯಾನಿನಲ್ಲಿ ತುಂಬಿಡುತ್ತಾರೆ. ನೀರಿನ ಕ್ಯಾನೂ ಅದೇ, ಚೊಗರಿನ ಕ್ಯಾನೂ ಅದೇ. ಕಾರಿನ ಗಾಜು ತೊಳೆಯುವ ಟ್ಯಾಂಕಿಗೆ ಚೊಗರು ಹೋಗಿತ್ತು. ಜೆಟ್ಟು ಕಟ್ಟಿಕೊಂಡು, ಪೈಪು ಒತ್ತಡಕ್ಕೆ ಕಿತ್ತುಬಂದು, ಅಲ್ಲಿಂದ ಸೋರುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ಉಸ್ತಾದರು ನನ್ನ ಕೈಯಲ್ಲಿದ್ದ ಸ್ಪ್ಯಾನರ್ ತಗೊಂಡು ಕೆಳಗಿಟ್ಟು ನನ್ನನ್ನು ನೋಡಿದರು. ಗೇರ್‌ಬಾಕ್ಸನ್ನು ಮತ್ತೆ ಒಬ್ಬನೇ ಏರಿಸಿದೆ.

ಆಮೇಲೆ ಅವರು ನನಗೊಂದು ಉಪಾಯ ಹೇಳಿಕೊಟ್ಟರು. ಸೋರಿಕೆ ಎಲ್ಲಿಯದೆಂದು ಗೊತ್ತಾಗದಿದ್ದರೆ, ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆಯಷ್ಟು ಟ್ಯಾಂಕಿಗೆ ಹಾಕು, ಕಾರಿನ ಕೆಳಗೆ ನ್ಯೂಸ್‌ಪೇಪರ್ ಹಾಸು. ನೀಲಿ ಚುಕ್ಕೆ ಬಿದ್ದರೆ ಗಾಜಿನ ನೀರು, ಬಿದ್ದ ಜಾಗದ ನೇರಕ್ಕೆ ಮೇಲೆ ನೋಡು. ಈಗ ಬಂಪರ್ ಬಿಚ್ಚದೆ ಟ್ಯಾಂಕೇ ಕಾಣದಂಥ ಕಾರುಗಳು ಬಂದಿವೆ, ಒಂದು ಬಂಪರಿಗೆ ಹದಿನೆಂಟು ಕ್ಲಿಪ್ಪು, ಬಿಚ್ಚುವಾಗ ಅರ್ಧ ಮುರಿಯುತ್ತವೆ. ಬಿಚ್ಚುವ ಮೊದಲು ನೀಲಿ ಹಾಕಿ. ಇದಕ್ಕಿಂತ ಒಳ್ಳೆಯ ಯಂತ್ರ ನನಗಂತೂ ಸಿಗಲಿಲ್ಲ.

ಹೊನ್ನಾಳಿಗೆ ಬಂದು ಗ್ಯಾರೇಜು ಹಾಕಿದ ಮೇಲೆ ನನಗೆ ಕೆಲಸ ಜೋರಾಯಿತು, ಕೊಬ್ಬೂ ಸ್ವಲ್ಪ ಬಂತು. ನೀಲಿ, ನ್ಯೂಸ್‌ಪೇಪರು ಎಲ್ಲ ಹಿಂದೆ ಬಿತ್ತು. ಗಾಜಿನ ನೀರು ಸೋರುತ್ತದೆಂದು ಯಾರಾದರೂ ಬಂದರೆ ನನಗೆ ರೇಗುತ್ತಿತ್ತು. ಅಲ್ಲಿ ಎಂಜಿನ್ ಬಿಚ್ಚಿ ಹರವಿಕೊಂಡು ಕೂತಿರುತ್ತೇನೆ, ಇವರು ನೀರಿನ ರಾಗ ಎಳೆಯುತ್ತಾರೆ! ಆಗ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಒಂದು ರೂಢಿಯಿತ್ತು. ಪಂಪಿನ ಮೂತಿಯಿಂದ ನಾಲ್ಕು ಬೆರಳು ಬಿಟ್ಟು ಪೈಪು ಕತ್ತರಿಸುವುದು, ತುದಿಗೆ ಬಾಲ್‌ಪೆನ್ನಿನ ಹಿಂಬದಿಯ ಪುಟ್ಟ ಬಿರಡೆ ತುರುಕುವುದು, ಮೇಲೆ ತಂತಿ ಸುತ್ತುವುದು. ಸೋರುವುದು ನಿಲ್ಲುತ್ತದೆ. ನೀರು ಚಿಮ್ಮುವುದೂ ನಿಲ್ಲುತ್ತದೆ, ಆ ಮಾತು ಬೇರೆ. "ಒಂದು ಬಾಟ್ಲಿ ನೀರು ಇಟ್ಕಳ್ರಿ, ಗಾಜು ಕೊಳೆಯಾದ್ರೆ ಇಳಿದು ತೊಳ್ಕಳ್ರಿ" ಎಂದು ಹೇಳಿ ಕಳಿಸುವುದು. ಇಂಥ ಬಿರಡೆಗಳನ್ನು ಕೂಡಿಡಲು ನನ್ನ ಬಳಿ ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯೇ ಇತ್ತು. ಮಾಲೀಕರೂ ಹೆಚ್ಚು ಕೇಳುತ್ತಿರಲಿಲ್ಲ. ಸಾಸ್ವೆಹಳ್ಳಿಯ ಒಬ್ಬ ರೈತರಂತೂ ಆಯುಧಪೂಜೆ ದಿನ ಬಾನೆಟ್ಟಿಗೆ ಬಳಿದ ವಿಭೂತಿ ಜೆಟ್ಟಿನ ತೂತುಗಳಿಗೆ ಇಳಿದು ಗಟ್ಟಿಯಾದದ್ದನ್ನು ಮುಂದಿನ ಆಯುಧಪೂಜೆಯವರೆಗೂ ಗಮನಿಸಿರಲಿಲ್ಲ.

ಹೀಗಿರುವಾಗ ಸುಮಂಗಲಮ್ಮ ಕಾರು ತಂದರು.

ಸುಮಂಗಲಮ್ಮ ನಮ್ಮ ನ್ಯಾಮತಿಯ ಹೆಣ್ಣುಮಗಳು. ಅವರ ಅಣ್ಣ ನಾಗರಾಜಪ್ಪ ನನ್ನ ಹಳೆಯ ಗಿರಾಕಿ. ಸುಮಂಗಲಮ್ಮನನ್ನು ಜಗಳೂರಿಗೆ ಕೊಟ್ಟಿದ್ದರು, ಅಲ್ಲೇ ಸುತ್ತಿನ ಹಳ್ಳಿಗಳಿಗೆ ನರ್ಸ್ ಆಗಿದ್ದರು. ಬಸ್ಸಿಳಿದು ಲಸಿಕೆಯ ಪೆಟ್ಟಿಗೆ ಹೊತ್ತು ನಡೆದು ನಡೆದು ಸಾಕಾಗಿ, ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ಒಂದು ಹಳೆಯ ಸಣ್ಣ ಕಾರು ತಗೊಂಡಿದ್ದರು. ಆ ಕಾರನ್ನು ನಾನೇ ನೋಡಿ, ತಗೊಳ್ಳಿ ಎಂದಿದ್ದೆ. ತವರಿಗೆ ಬಂದಾಗಲೆಲ್ಲ ಅದರ ನಾಡಿ ನನ್ನ ಕೈಯಲ್ಲಿ.

ಮೆಕ್ಕೆಜೋಳ ಒಕ್ಕುವ ಕಾಲ ಅದು. ಅವರು ತವರಿನಿಂದ ವಾಪಸು ಹೊರಟವರು ಹೊನ್ನಾಳಿಯಲ್ಲಿ ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿದರು.

"ಹಾಲೇಶಣ್ಣ, ಗಾಜಿನ ನೀರು ನಿಲ್ತಾ ಇಲ್ಲ. ರಾತ್ರಿ ತುಂಬಿದ್ರೆ ಬೆಳಗಾಗೋದ್ರೊಳಗೆ ಕೆಳಗೆ ಕೆರೆ. ನಮ್ಮ ಕಡೆ ಧೂಳು ಭಾಳ ಐತೆ, ನೀರಿಲ್ದೆ ಆಗಲ್ಲ. ಸರಿ ಮಾಡ್ಕೊಡ್ರಿ" ಎಂದರು.

ನೀರಿಲ್ಲದೆ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರು. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಬಾನೆಟ್ ಎತ್ತಿದೆ. ಪಂಪಿನ ಹತ್ತಿರವೇ ಪೈಪು ಬಿರಿದಿತ್ತು. ಒಂದು ಗಜ ಹೊಸ ಪೈಪು ಹಾಕಬೇಕು. ನನ್ನ ಹತ್ತಿರ ಆ ಅಳತೆಯದು ಮುಗಿದಿತ್ತು, ಪೇಟೆಗೆ ಹೋಗಿ ತರಬೇಕಿತ್ತು. ಹಿಂದೆ ಇನ್ನೊಬ್ಬರ ಎಂಜಿನ್ ಬಾಯಿ ತೆರೆದುಕೊಂಡು ಕೂತಿತ್ತು, ಅದರ ಮಾಲೀಕರು ನನ್ನ ತಲೆ ತಿನ್ನುತ್ತಿದ್ದರು. ನನ್ನ ಕೈ ತಾನಾಗಿಯೇ ತಗಡಿನ ಡಬ್ಬಿಗೆ ಹೋಯಿತು. ಒಂದು ನೀಲಿ ಬಿರಡೆ. ಕತ್ತರಿಸಿ, ತುರುಕಿ, ತಂತಿ ಸುತ್ತಿದೆ. ಸೋರುತ್ತದೋ ಎಂದು ನೋಡಲು ಟ್ಯಾಂಕಿಗೆ ಕಂಠಮಟ್ಟ ನೀರು ತುಂಬಿದೆ. ಒಂದು ಹನಿಯೂ ಬೀಳಲಿಲ್ಲ.

"ಸೋರೋದು ನಿಂತೈತೆ, ಹೋಗ್ಬನ್ರಿ" ಎಂದೆ.

ಬಾಟಲಿಯ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಎಂಜಿನಿನ ಮಾಲೀಕರು ಮತ್ತೆ ಕೂಗಿದರು. ನಾನು ಅತ್ತ ತಿರುಗಿದೆ. ಸುಮಂಗಲಮ್ಮ ನಗುತ್ತಾ ಕೈ ಬೀಸಿ ಹೋದರು. ನಾನು ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವಿರಲಿಲ್ಲ. ಸೋರುವುದು ನಿಂತೇ ಇತ್ತು. ಇಂಥ ನಿಜಕ್ಕಿಂತ ಸುಳ್ಳೇ ವಾಸಿ ಎಂದು ಆಮೇಲೆ ಗೊತ್ತಾಯಿತು.

ಹತ್ತು ದಿನ ಕಳೆದಿರಬೇಕು. ನಾಗರಾಜಪ್ಪ ಗ್ಯಾರೇಜಿಗೆ ಬಂದು ಸ್ಟೂಲಿನ ಮೇಲೆ ಕೂತು, "ಹಾಲೇಶಪ್ಪ, ನಮ್ಮ ಸುಮಂಗಲನ ಕಾರಿಗೆ ಗಿರಾಕಿ ಇದ್ರೆ ನೋಡ್ರಿ" ಎಂದರು.

"ಯಾಕ್ರಿ? ಚೆನ್ನಾಗೈತಲ್ಲ."

"ಕಾರು ಚೆನ್ನಾಗೈತೆ. ಓಡ್ಸೋಳಿಗೆ ಧೈರ್ಯ ಹೋಗೈತೆ. ಅವತ್ತು ಇಲ್ಲಿಂದ ಹೋದ್ಲಲ್ಲ, ಮಾರನೇ ದಿನ ಬೆಳಗ್ಗೆ ಸೊಕ್ಕೆ ಕಡೆ ಲಸಿಕೆ ಹಾಕಾಕೆ ಹೊಂಟಿದ್ಲಂತೆ. ದಾರಿ ಬದೀಗೆ ಮೆಕ್ಕೆಜೋಳ ಒಕ್ತಿದ್ರಂತೆ. ಆ ಹೊಟ್ಟು, ಧೂಳು, ಗಾಜಿನ ಮೇಲೆ ಮಂಜು ಬೇರೆ. ಬಿಸಿಲು ಕಣ್ಣಿಗೇ ಹೊಡೀತಿತ್ತು. ನೀರು ಹೊಡೆಯಾಕೆ ಹೋದ್ರೆ ನೀರೇ ಬರ್ಲಿಲ್ಲ. ವೈಪರ್ ಒಂದ್ಸಲ ಆಡಿದ್ದೇ ತಡ, ಗಾಜು ಪೂರಾ ಅಂಬ್ಲಿ ಬಳ್ದಂಗಾತಂತೆ. ಮುಂದೆ ಕುರಿ ಹಿಂಡು. ಗಾಬ್ರಿಯಾಗಿ ಎಡಕ್ಕೆ ಎಳ್ದು ಜೋಳದ ರಾಶಿಗೆ ನುಗ್ಗಿಸ್ಯಾಳೆ."

ನಾನು ಸ್ಪ್ಯಾನರ್ ಕೆಳಗಿಟ್ಟೆ. "ಯಾರಿಗೆ ಏನಾತ್ರಿ?"

"ಯಾರಿಗೂ ಏನೂ ಆಗಿಲ್ಲ, ದೇವ್ರು ದೊಡ್ಡೋನು. ಕುರಿಯೋರು ಪಕ್ಕಕ್ಕೆ ಹಾರ್ಕೊಂಡ್ರಂತೆ. ರಾಶಿ ಮೆತ್ತಗಿತ್ತು. ಆದ್ರೆ ಇವ್ಳು, ನೀರು ಹಾಕಾಕೆ ಮರೆತೆ, ನಂದೇ ತಪ್ಪು, ಒಂದು ಜೀವ ಹೋಗೋದು ಅಂತ ಕಣ್ಣೀರು ಹಾಕ್ತಾಳೆ. ಅವ್ರ ಮನೆಯೋರೂ ಬೈದು, ಇನ್ಮೇಲೆ ಬಸ್ಸಿಗೇ ಹೋಗು ಅಂದಾರೆ. ಕೀಲಿಕೈ ದೇವ್ರ ಗೂಡಿನಾಗೆ ಇಟ್ಟು ಮುಟ್ತಾ ಇಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾಗರಾಜಪ್ಪ ಯಾರ ಹೆಸರನ್ನೂ ಹೇಳಿರಲಿಲ್ಲ, ನನ್ನ ಕಣ್ಣು ಮಾತ್ರ ತಗಡಿನ ಡಬ್ಬಿಯ ಕಡೆ ಹೋಗಿತ್ತು. ಯಾರಿಗೂ ಏನೂ ಆಗಿಲ್ಲ ಎಂದಾಗ ಎದೆಯಿಂದ ಒಂದು ಬಂಡೆ ಇಳಿಯಿತು. ನೀರು ಹಾಕಲು ಮರೆತೆ ಎಂದು ಅವರು ಅಳುತ್ತಿದ್ದಾರೆ ಎಂದಾಗ ಅದು ಮತ್ತೆ ಏರಿ ಕೂತಿತು. "ನೋಡ್ತೀನ್ರಿ" ಎಂದಷ್ಟೇ ಹೇಳಿದೆ.

ಮನೆಗೆ ಬಂದು ಊಟಕ್ಕೆ ಕೂತಾಗ ನನ್ನ ಹೆಂಡತಿ ಗಿರಿಜಮ್ಮನಿಗೆ ಎಲ್ಲ ಹೇಳಿದೆ. ಹೇಳುವಾಗಲೇ ವಕೀಲಿಕೆಯನ್ನೂ ಶುರುಮಾಡಿದ್ದೆ. ಎಲ್ಲ ಗ್ಯಾರೇಜಿನಲ್ಲೂ ಹೀಗೇ ಮಾಡುತ್ತಾರೆ, ಅವರೂ ಒಂದು ಸಲ ನೀರು ಹೊಡೆದು ನೋಡಬೇಕಿತ್ತು, ಹೇಗೂ ಯಾರಿಗೂ ಏನೂ ಆಗಿಲ್ಲ. ಅವಳು ರೊಟ್ಟಿ ಬಡಿಸುತ್ತಾ ಕೇಳುತ್ತಿದ್ದಳು.

"ಯಾರಿಗೂ ಏನೂ ಆಗಿಲ್ಲ ಅಂತೀರಲ್ಲ, ಆ ಹೆಣ್ಮಗಳಿಗೆ ಆಗೈತಲ್ರೀ" ಎಂದಳು.

ನಾನು ಕೈ ತೊಳೆದುಕೊಂಡು ಹೊರಗೆ ಬಂದು ಕೂತೆ. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಕಾರು ಕೊಳ್ಳುವವನನ್ನೂ ನಾನೇ ಹುಡುಕಿ, ಬಿರಡೆಯನ್ನೂ ನಾನೇ ಕಿತ್ತುಹಾಕಿ, ಹೊಸ ಪೈಪು ಹಾಕಿಬಿಡಬಹುದು. ಹೇಳಿದರೆ ಹೊನ್ನಾಳಿಯಿಂದ ನ್ಯಾಮತಿಯವರೆಗೆ ಹಾಲೇಶಪ್ಪನ ಹೆಸರು ಹಾಳು. ಒಂದು ಗಜ ಪೈಪು ತರಲು ಸೋಮಾರಿತನ ಮಾಡಿದವನ ಕೈಗೆ ಎಂಜಿನ್ ಯಾರು ಕೊಡುತ್ತಾರೆ? ಇದು ನನ್ನ ಲೆಕ್ಕ. ಅತ್ತ ಒಬ್ಬರು ತಾವು ಮಾಡದ ತಪ್ಪಿಗೆ ಕೀಲಿಕೈಯನ್ನು ದೇವರ ಗೂಡಿನಲ್ಲಿಟ್ಟು ಕೂತಿದ್ದರು. ಹಟ ಮಾಡಿ ಕಲಿತ ವಿದ್ಯೆ ಅದು. ನಡೆದು ನಡೆದು ಕಾಲು ಸೋತವರಿಗೆ ಆ ಕಾರು ಶೋಕಿಯಲ್ಲ.

ಮಾರನೆಯ ಬೆಳಿಗ್ಗೆ ಪೇಟೆಯಲ್ಲಿ ಹೊಸ ಪೈಪು ತಗೊಂಡೆ. ಒಂದು ಗಜ ಸಾಕಿತ್ತು, ಮೂರು ಗಜ ತಗೊಂಡೆ. ಬಟ್ಟೆಯ ನೀಲಿಯ ಒಂದು ಪೊಟ್ಟಣ, ಕಟಿಂಗ್ ಪ್ಲೇಯರ್, ಹಳೆಯ ನ್ಯೂಸ್‌ಪೇಪರು, ಎಲ್ಲವನ್ನೂ ಚೀಲಕ್ಕೆ ತುಂಬಿ ದಾವಣಗೆರೆ ಬಸ್ಸು ಹತ್ತಿದೆ. ಅಲ್ಲಿಂದ ಜಗಳೂರಿನ ಬಸ್ಸು. ದಾರಿಯುದ್ದಕ್ಕೂ ಮನಸ್ಸು ಸುಳ್ಳು ಹೊಸೆಯುತ್ತಿತ್ತು. ಪೈಪು ತಾನಾಗಿಯೇ ಕಟ್ಟಿಕೊಂಡಿರಬಹುದು ಎನ್ನೋಣವೇ? ಪಂಪು ಸುಟ್ಟಿರಬಹುದು ಎನ್ನೋಣವೇ? ಜಗಳೂರು ಹತ್ತಿರವಾದಂತೆ ಬಸ್ಸಿನ ಮುಂದಿನ ಗಾಜು ನೋಡಿದೆ. ಒಕ್ಕಣೆಯ ಧೂಳು ಹಿಟ್ಟಿನ ಹಾಗೆ ಮೆತ್ತಿತ್ತು. ಡ್ರೈವರ್ ನೀರು ಹೊಡೆದು ಒರೆಸಿದ, ದಾರಿ ಕಂಡಿತು. ಆತನಿಗೆ ಅದು ಒಂದು ಕೆಲಸವೇ ಅಲ್ಲ. ಹೊಸೆದ ಸುಳ್ಳನ್ನೆಲ್ಲ ಅಲ್ಲೇ ಬಿಟ್ಟೆ.

ಅವರ ಮನೆಯ ಮುಂದೆ ಕಾರಿಗೆ ಹಳೆಯ ಜಮಖಾನ ಹೊದಿಸಿದ್ದರು. ಸುಮಂಗಲಮ್ಮನ ಯಜಮಾನರು ಕೊಟ್ರೇಶಪ್ಪ ಬಿಳಿ ಅಂಗಿ ತೊಟ್ಟು ಎಲ್ಲಿಗೋ ಹೊರಟಿದ್ದರು. ನನ್ನನ್ನು ಕಂಡು, "ಬರ್ರಿ ಮೇಸ್ತ್ರಿ, ಗಿರಾಕಿ ಸಿಕ್ಕಿದ್ರಾ?" ಎಂದರು. ಸುಮಂಗಲಮ್ಮ ಹೊರಗೆ ಬಂದರು. ಮೊದಲಾದರೆ ದೂರದಿಂದಲೇ ನಗುತ್ತಿದ್ದವರು ಅವತ್ತು ಕಾರಿನ ಕಡೆ ಕೂಡ ನೋಡಲಿಲ್ಲ.

"ನೀರು ಕುಡೀರಿ ಹಾಲೇಶಣ್ಣ."

"ನೀರು ಆಮೇಲೆ. ಮೊದ್ಲು ಒಂದ್ಸಲ ಈ ಜಮಖಾನ ತೆಗೀರಿ" ಎಂದೆ.

ನಾನೇ ತೆಗೆದೆ. ಗಾಜಿನ ಮೇಲೆ ವೈಪರ್ ನೀರಿಲ್ಲದೆ ಉಜ್ಜಿದ ಕಡೆ ಕಮಾನಿನ ಹಾಗೆ ಒಂದು ಗೀರು ಬಿದ್ದಿತ್ತು, ಬಿಸಿಲಿಗೆ ಹೊಳೆಯುತ್ತಿತ್ತು. ಬಾನೆಟ್ ಎತ್ತಿ ಟ್ಯಾಂಕಿನ ಮುಚ್ಚಳ ತೆಗೆದು, "ಸುಮಂಗಲಮ್ಮ, ಇಲ್ಲಿ ಬಂದು ನೋಡ್ರಿ" ಎಂದೆ. ಅವರು ಬರಲು ಹಿಂದೆ ಮುಂದೆ ನೋಡಿದರು. ಕೊಟ್ರೇಶಪ್ಪನೇ ಮೊದಲು ಬಗ್ಗಿದರು.

"ತುಂಬೈತಲ್ಲೇ!" ಎಂದರು ಹೆಂಡತಿಗೆ.

ಅವರು ಓಡಿ ಬಂದರು. ಟ್ಯಾಂಕಿನಲ್ಲಿ ನೀರು ಕಂಠಮಟ್ಟ ಇತ್ತು, ಹೊನ್ನಾಳಿಯಲ್ಲಿ ನಾನು ತುಂಬಿದ ನೀರು. ನಾನು ಪೈಪಿನ ತುದಿಯನ್ನು ಮೇಲೆತ್ತಿ ನೀಲಿ ಬಿರಡೆ ತೋರಿಸಿದೆ.

"ನೀವು ನೀರು ಮರ್ತಿರ್ಲಿಲ್ಲ. ನೀರು ಬರೋ ದಾರೀಗೆ ನಾನೇ ಬಿರಡೆ ಹಾಕಿದ್ದೆ. ಹೊಸ ಪೈಪು ತರಾಕೆ ಸೋಮಾರಿತನ. ನಿಮ್ಗೆ ಹೇಳ್ಲೂ ಇಲ್ಲ. ಅವತ್ತು ಆಗಿದ್ದು ಪೂರಾ ನನ್ನ ತಪ್ಪು."

ಮೊದಲು ಸಿಡಿದವರು ಕೊಟ್ರೇಶಪ್ಪ. "ಏನ್ರಿ ಮೇಸ್ತ್ರಿ, ಆ ಕುರಿಯೋರಿಗೆ ಏನಾದ್ರೂ ಆಗಿದ್ರೆ? ನಮ್ಮ ಮನೆಯಾಕೆಗೆ ಏನಾದ್ರೂ ಆಗಿದ್ರೆ? ಪೆನ್ನಿನ ಬಿರಡೆ ಹಾಕ್ತೀರಲ್ರೀ, ಮನುಷ್ಯರೇನ್ರೀ ನೀವು?" ಎಂದು ಶುರುಮಾಡಿದವರು ನಿಲ್ಲಿಸಲಿಲ್ಲ. ನಾನು ತಲೆ ಬಗ್ಗಿಸಿ ನಿಂತೆ. ಎಷ್ಟೋ ವರ್ಷಗಳ ಮೇಲೆ ಉಸ್ತಾದರು ಬಾಯಿಬಿಟ್ಟು ಬೈಯುತ್ತಿರುವ ಹಾಗಿತ್ತು. ನಿಜ ಹೇಳುತ್ತೇನೆ, ಆ ಬೈಗಳು ಹಿತವಾಗಿದ್ದವು.

ಸುಮಂಗಲಮ್ಮ ಮಾತ್ರ ಟ್ಯಾಂಕಿನೊಳಗೇ ನೋಡುತ್ತಿದ್ದರು. ಬೆರಳು ಅದ್ದಿ ನೋಡಿದರು.

"ಹಂಗಾರೆ ನಾನು ಮರ್ತಿರ್ಲಿಲ್ಲ" ಎಂದರು ಮೆಲ್ಲಗೆ. ಆಮೇಲೆ ಜೋರಾಗಿ, ಗಂಡನ ಕಡೆ ತಿರುಗಿ, "ರೀ, ನಾನು ಮರ್ತಿರ್ಲಿಲ್ಲ! ಮೋಟ್ರು ಗುಯ್ ಅಂತಿತ್ತು ಅಂತ ಅವತ್ತೇ ಹೇಳಿದ್ನಲ್ಲ, ನೀವು ಕೇಳಿದ್ರಾ?" ಎಂದರು. ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ನಗು ಬಂತು. ಕೊಟ್ರೇಶಪ್ಪನ ಬೈಗಳು ಅಲ್ಲಿಗೆ ನಿಂತವು. ಈಗ ಬೈಸಿಕೊಳ್ಳುವ ಸರದಿ ಅವರದೂ ಆಗಿತ್ತು.

"ನಿಮ್ಗೂ ಬೈಬೇಕು ಹಾಲೇಶಣ್ಣ, ಬೈತೀನಿ. ಮೊದ್ಲು ಸರಿ ಮಾಡ್ರಿ. ನಾಳೆ ಸೊಕ್ಕೇಲಿ ಮಕ್ಕಳಿಗೆ ಲಸಿಕೆ ಐತೆ" ಎಂದು ಒಳಗೆ ಹೋದರು. ಬರುವಾಗ ಕೈಯಲ್ಲಿ ದೇವರ ಗೂಡಿನಲ್ಲಿದ್ದ ಕೀಲಿಕೈ ಇತ್ತು, ಅದರ ಮೇಲೆ ಯಾರೋ ಇಟ್ಟ ಕುಂಕುಮವೂ ಇತ್ತು.

ಅವತ್ತು ನಾನು ಮಾಡಿದ ರಿಪೇರಿಯನ್ನು ಹೊಸಬರು ಗಮನಿಸಿ ಓದಿ. ಹಳೆಯ ಪೈಪನ್ನು ತುಂಡಿಗೆ ತುಂಡು ಸೇರಿಸಲಿಲ್ಲ, ಪಂಪಿನಿಂದ ಜೆಟ್ಟಿನವರೆಗೆ ಪೂರ್ತಿ ಬದಲಿಸಿದೆ. ಗಟ್ಟಿ ಪೈಪು ಪಂಪಿನ ಮೂತಿಗೆ ಕೂರದಿದ್ದರೆ ಎಳೆದಾಡಬೇಡಿ, ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಬೆಣ್ಣೆಯ ಹಾಗೆ ಕೂರುತ್ತದೆ. ಪಂಪು ಟ್ಯಾಂಕಿಗೆ ಸೇರುವಲ್ಲಿರುವ ರಬ್ಬರ್ ರಿಂಗನ್ನೂ ಬೆರಳಿನಿಂದ ಒತ್ತಿ ನೋಡಿದೆ, ಮೆತ್ತಗಿತ್ತು. ಜೆಟ್ಟಿನ ತೂತಿಗೆ ಸೂಜಿ ಹಾಕಿ ಹೊಟ್ಟು ತೆಗೆದೆ. ಪೈಪು ಬಿಸಿ ಎಂಜಿನ್ನಿಗೆ ತಾಗದ ಹಾಗೆ ಕಟ್ಟಿದೆ. ಟ್ಯಾಂಕಿಗೆ ಚಿಟಿಕೆ ನೀಲಿ ಹಾಕಿ, ಕೆಳಗೆ ನ್ಯೂಸ್‌ಪೇಪರ್ ಹಾಸಿ, ಊಟಕ್ಕೆ ಏಳಿ ಎಂದು ಅವರು ಕರೆದರೂ ಏಳದೆ ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತೆ. ಪೇಪರಿನ ಮೇಲೆ ಒಂದು ಚುಕ್ಕೆಯೂ ಬೀಳಲಿಲ್ಲ.

ಆಮೇಲೆ ಕೈ ತೊಳೆದುಕೊಂಡು ಡ್ರೈವರ್ ಸೀಟಿನಲ್ಲಿ ಕೂತೆ. ಇಷ್ಟು ವರ್ಷ ನಾನು ಕಾರುಗಳನ್ನು ನೋಡಿದ್ದೆಲ್ಲ ಬಾನೆಟ್ಟಿನ ಕಡೆಯಿಂದ. ಒಳಗೆ ಕೂತವರಿಗೆ ಏನು ಕಾಣುತ್ತದೆಂದು ನೋಡುವ ಪುರುಸೊತ್ತು ಇರಲಿಲ್ಲ. ಧೂಳು ಹಿಡಿದ ಗಾಜಿನಾಚೆ ಬೀದಿ ಮಸುಕಾಗಿ ಕಂಡಿತು, ಗೀರು ಬಿಸಿಲಿಗೆ ಕಣ್ಣು ಚುಚ್ಚಿತು. ಮುಂದೆ ಬೆಳ್ಳಗೆ ಏನೋ ಒಂದು ನಿಂತಿತ್ತು, ಯಾರೆಂದು ತಿಳಿಯಲಿಲ್ಲ. ಕಡ್ಡಿ ಎಳೆದೆ. ನೀಲಿ ನೀರು ಎರಡು ಕವಲಾಗಿ ಚಿಮ್ಮಿತು. ವೈಪರ್ ಒರೆಸಿತು. ಗಾಜು ತಿಳಿಯಾಯಿತು, ಮುಂದೆ ನಿಂತಿದ್ದವರು ಕೊಟ್ರೇಶಪ್ಪ. ಒಂದು ಜೆಟ್ಟು ಗಾಜು ಬಿಟ್ಟು ಅವರ ಬಿಳಿ ಅಂಗಿಗೆ ಗುರಿಯಿಟ್ಟಿತ್ತು.

ಅವರು ಅಂಗಿ ನೋಡಿಕೊಂಡರು, ನನ್ನನ್ನು ನೋಡಿದರು. ಸುಮಂಗಲಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು.

"ಬಿಡ್ರಿ, ಬಟ್ಟೆಗೆ ಹಾಕೋ ನೀಲಿನೇ ಅಲ್ವಾ, ಅಂಗಿ ಬೆಳ್ಳಗಾಗ್ತೈತೆ!"

ಕೊಟ್ರೇಶಪ್ಪನಿಗೂ ನಗು ತಡೆಯಲಾಗಲಿಲ್ಲ. ನಾನು ಇಳಿದು ಸೂಜಿಯಿಂದ ಆ ಜೆಟ್ಟಿನ ಮೂತಿ ಸರಿಮಾಡಿದೆ. ಸುಮಂಗಲಮ್ಮ ಸೀಟಿನಲ್ಲಿ ಕೂತು, ಕುಂಕುಮದ ಕೀಲಿಕೈ ತಿರುಗಿಸಿ, "ಹತ್ರಿ ಹಾಲೇಶಣ್ಣ, ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ" ಎಂದರು. ಮೊದಲ ತಿರುವಿನವರೆಗೆ ಅವರು ಎರಡನೇ ಗೇರು ದಾಟಲಿಲ್ಲ. ಬಸ್‌ಸ್ಟ್ಯಾಂಡ್ ಬರುವ ಹೊತ್ತಿಗೆ ನನಗೆ ಬೈಯುವುದನ್ನು ಶುರುಮಾಡಿದ್ದರು. ಆಗ ನನಗೆ ನೆಮ್ಮದಿಯಾಯಿತು, ಬಸ್ಸಿನಲ್ಲಿ ದಾವಣಗೆರೆಯವರೆಗೂ ನಿದ್ದೆ ಹೊಡೆದೆ.

ಹೊನ್ನಾಳಿಗೆ ಬಂದು ಮೊದಲು ತಗಡಿನ ಡಬ್ಬಿಯನ್ನು ಗುಜರಿಗೆ ಹಾಕಿದೆ. ನಾಗರಾಜಪ್ಪನಿಗೆ ನಾನೇ ಹೇಳಿದೆ. ಅವರು ಎರಡು ತಿಂಗಳು ಗ್ಯಾರೇಜಿಗೆ ಬರಲಿಲ್ಲ, ಮೂರನೆಯ ತಿಂಗಳು ಬ್ರೇಕು ಕಿರುಗುಟ್ಟುತ್ತದೆಂದು ಬಂದರು. ಬಿರಡೆ ಹಾಕಿದ್ದು ನೆನಪಿದ್ದ ಕಾರುಗಳ ಮಾಲೀಕರಿಗೆಲ್ಲ ಫೋನು ಮಾಡಿ ಕರೆದು, ಪೈಪು ಬದಲಿಸಿಕೊಟ್ಟೆ. ಕೆಲವರು ಬೈದರು, ಕೆಲವರು ನಕ್ಕರು. ಸಾಸ್ವೆಹಳ್ಳಿಯ ರೈತರು ನೀರು ಚಿಮ್ಮಿದ್ದನ್ನು ನೋಡಿ, "ಇದ್ರಾಗೆ ನೀರೂ ಬರ್ತೈತೇನ್ರಿ!" ಎಂದು ಬೆರಗಾದರು. ಹೆಸರು ಹಾಳಾಗುತ್ತದೆಂದು ನಾನು ಹೆದರಿದ್ದೇ ಬಂತು, ಹಾಳೇನೂ ಆಗಲಿಲ್ಲ. ಅಲ್ಲಿಂದ ಗ್ಯಾರೇಜು ಬಿಡುವವರೆಗೂ ಯಾವ ಕಾರಿನ ಕೀಲಿಕೈಯನ್ನೂ ಡ್ರೈವರ್ ಸೀಟಿನಲ್ಲಿ ಕೂತು ನೀರು ಹೊಡೆಯದೆ ಕೊಡಲಿಲ್ಲ. ನನ್ನ ಜೊತೆಗಾರರು ನಾನು ಅತ್ತ ಹೋದಾಗ ಅದನ್ನು ಆಡಿ ತೋರಿಸಿ ನಗುತ್ತಿದ್ದರೆಂದು ನನಗೆ ಗೊತ್ತು. ಉಸ್ತಾದರಿಗೂ ಗೊತ್ತಿದ್ದಿರಬೇಕು.

ಸುಮಂಗಲಮ್ಮ ಆ ಕಾರು ಮಾರಲಿಲ್ಲ, ಗೀರು ಬಿದ್ದ ಗಾಜನ್ನೂ ಬದಲಿಸಲಿಲ್ಲ. "ಇರ್ಲಿ ಬಿಡ್ರಿ, ಅದು ನಿಮ್ಮ ಸಹಿ" ಅನ್ನುತ್ತಾರೆ. ತವರಿಗೆ ಬರುವಾಗ ನ್ಯಾಮತಿಯಲ್ಲಿ ನಮ್ಮ ಮನೆಯ ಮುಂದೆಯೇ ಹಾದುಹೋಗಬೇಕು. ಬೇರೆಯವರಾದರೆ ಹಾರ್ನ್ ಹೊಡೆಯುತ್ತಾರೆ. ಅವರು ಹಾರ್ನ್ ಹೊಡೆಯುವುದಿಲ್ಲ. ನಮ್ಮ ಗೇಟಿನ ಹತ್ತಿರ ಬಂದಾಗ ವೇಗ ಕಡಿಮೆ ಮಾಡಿ ಗಾಜಿಗೆ ನೀರು ಹೊಡೆಯುತ್ತಾರೆ, ವೈಪರ್ ಎರಡು ಸಲ ಆಡುತ್ತದೆ, ಗಾಜಿನ ಹಿಂದೆ ಅವರ ನಗುಮುಖ ಸ್ಪಷ್ಟವಾಗಿ ಕಾಣುತ್ತದೆ. ನಾನು ನೋಯುವ ಮೊಣಕಾಲು ಹಿಡಿದುಕೊಂಡೇ ಎದ್ದು ನಿಂತು ಕೈ ಎತ್ತುತ್ತೇನೆ.

ಮೊನ್ನೆಯೂ ಹೋದರು. ಒಳಗಿನಿಂದ ಗಿರಿಜಮ್ಮ, "ಯಾರ್ರೀ ಅದು?" ಎಂದು ಕೂಗಿದಳು.

"ನೀರು ಬಂತು ಕಣೇ" ಎಂದೆ.